ಕಿರುಬೆರಳ ಗಾತ್ರದ ನಳಿಗೆ

ಗಾಜಿನ ನಳಿಗೆಯ ತುದಿಯಿಂದ ಕೆಂಪು ಬಣ್ಣ ನಿಲ್ಲದೆ ತೊಟ್ಟಿಕ್ಕತೊಡಗಿದಾಗ ಮಾಲೀಕ ಅಮಾತೆಪ್ಪ ಹಳೆಯ ಕೆಲಸಗಾರ ಅಲ್ಲಾಸಾಬನ ಕೈ ಹಿಡಿದು ಹತ್ತಿರ ಕರೆತಂದ. ಇಳಕಲ್ಲಿನ ಇದೇ ಬಣ್ಣದ ಕಾರ್ಖಾನೆಯಲ್ಲಿ, ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರಲ್ಲಿ, ಎರಡು ರಾಸಾಯನಿಕ ಬೆರೆಸಿದ ದೊಡ್ಡ ಪಾತ್ರೆ ಸಿಡಿದು ಅಲ್ಲಾಸಾಬನ ಎರಡೂ ಕಣ್ಣು ಹೋಗಿದ್ದವು. ಅಂದು ಅವಸರದಲ್ಲಿ ಎಲ್ಲವನ್ನೂ ಒಂದೇ ಸಲಕ್ಕೆ ಸುರಿಯಲು ಹೇಳಿದವನು ಅಮಾತೆಪ್ಪನೇ.

“ಈಗ ಎರಡೂ ರಸಾಯನ ನಳಿಗ್ಯಾಗ ಹನಿಹನಿಯಾಗಿ ಕೂಡಿ, ಹರಕೋತ ಬಣ್ಣ ಆಗ್ತಾವ. ಇನ್ನ ಸಿಡಿಯೂದಿಲ್ಲೋ, ಅಲ್ಲಾಸಾಬ,” ಎಂದ ಅಮಾತೆಪ್ಪ. ಈ ಮಾತು ಹೇಳಲೆಂದೇ ಅವನು ಐದು ವರ್ಷ ಹೆಣಗಿದ್ದ.

ಅಲ್ಲಾಸಾಬ ನಳಿಗೆಯನ್ನು ಉದ್ದಕ್ಕೂ ಮೆಲ್ಲಗೆ ಸವರಿದ. ಅದು ಕಿರುಬೆರಳಿನಷ್ಟೇ ದಪ್ಪವಿತ್ತು, ತಣ್ಣಗಿತ್ತು.

“ಅವತ್ತೂ ಇಷ್ಟ ಸಣ್ಣದು ಸಾಕಿತ್ತೇನ್ರಿ, ಸಾವಕಾರ್ರ?” ಎಂದು ಕೇಳಿದ.

ನಳಿಗೆಯ ಮೇಲಿದ್ದ ಅವನ ಕೈಯನ್ನು ಅಮಾತೆಪ್ಪ ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ.