ಬಲಿಪೀಠದ ಅಡಿಯಲ್ಲಿ

ಚರ್ಚಿನ ಹೊಸ ಬಲಿಪೀಠದ ಕಾಲು ಬಿಗಿ ಮಾಡುವ ನೆಪದಲ್ಲಿ ಅಣ್ಣ ಅದರ ಅಡಿಗೆ ತೂರಿ, ಅಂಗಾತ ಮಲಗಿ, ಸಣ್ಣ ಉಳಿ ಹಿಡಿದಿದ್ದ. ಮೇಲೆ ಪಾದ್ರಿಯವರು ಸೃಷ್ಟಿಯ ಕೆತ್ತನೆ ಸವರುತ್ತ, "ಹಕ್ಕಿಗಳಿಗೆ ಜೀವ ಬಂದಿದೆಯಪ್ಪ," ಎಂದು ಅದನ್ನು ಕೆತ್ತಿದ ತಮ್ಮನ ಬೆನ್ನು ತಟ್ಟಿದ್ದು ಕೇಳಿಸಿತು. ಅಣ್ಣನ ಹೊಟ್ಟೆ ಉರಿಯಿತು. ಮರ ಕೊಯ್ದು, ಹಲಗೆ ಹೊಂದಿಸಿ, ಇಷ್ಟಗಲ ಪೀಠ ನಿಲ್ಲಿಸಿದವನನ್ನು ಕೇಳುವವರೇ ಇಲ್ಲ.

"ಎಲ್ಲಾ ಮಗನಿಂದಲೇ ಆಯ್ತು ಅಂತ ಬೈಬಲಲ್ಲಿ ಬರೆದಿದೆಯಲ್ಲಪ್ಪ. ಹಾಗಾದ್ರೆ ಲೋಕ ಸೃಷ್ಟಿ ಮಾಡಿದ್ದು ಮಗ ತಾನೇ?" ತಮ್ಮ ಬೀಗುತ್ತ ಪಕ್ಕದಲ್ಲಿದ್ದ ಅಪ್ಪನನ್ನು ಕೆಣಕಿದ.

"ತಂದೆ, ಮಗ, ಪವಿತ್ರಾತ್ಮ, ಮೂವರೂ ಒಂದೇ ಕಣೋ," ಎಂದ ಅಪ್ಪ. "ನಾನು ಮಾಡಿದೆ, ನೀನು ಮಾಡಿದೆ ಅನ್ನೋ ಜಗಳ ಅಲ್ಲಿಲ್ಲ. ನಮ್ಮ ಬಡಗಿ ಮನೆಯಲ್ಲೂ ಅಷ್ಟೇ ಫಾದರ್, ಮಾಡಿದ ಕೆಲಸಕ್ಕೆ ಯಾರೂ ಹೆಸರು ಕೆತ್ತಲ್ಲ."

ಇವತ್ತು ಕೆತ್ತಿಯೇ ಬಿಡುತ್ತೇನೆ ಎಂದುಕೊಂಡ ಅಣ್ಣ, ಯಾರೂ ಬಗ್ಗಿ ನೋಡದ ಹಿಂಬದಿಯ ಮೂಲೆಯಲ್ಲಿ ಜಾಗಕ್ಕಾಗಿ ಬೆರಳಾಡಿಸಿದ. ಬೆರಳಿಗೆ ಆಗಲೇ ಕೆತ್ತಿದ ಅಕ್ಷರಗಳು ತಗುಲಿದವು. ತಮ್ಮನದೇ ಇರಬೇಕೆಂದು ಹಲ್ಲು ಕಡಿಯುತ್ತ ಟಾರ್ಚ್ ಬೆಳಕು ಬಿಟ್ಟ.

ಅಪ್ಪನ ಹೆಸರಿತ್ತು. ಅಪ್ಪನದೊಂದೇ.