ತಲೆಕೆಳಗಾದ ಸಂತರು

ಸ್ಪೇನಿನ ದೊರೆಯ ಕಾಲದಲ್ಲಿ ಮೆಕ್ಸಿಕೊ ನಗರದಿಂದ ಉತ್ತರದ ಗಡಿಗೆ ಸರಕು ಸಾಗುತ್ತಿದ್ದ ರಾಜಮಾರ್ಗದಲ್ಲಿ ನೀರಿಲ್ಲದ ಬಯಲೊಂದಿತ್ತು. ಅದರ ನಡುವೆ ಹೇಸರಗತ್ತೆಯ ಗಾಡಿಯೊಂದು ನಿಂತುಬಿಟ್ಟಿತ್ತು. ಅಲ್ಲಿದ್ದ ಒಂದೇ ಬಾವಿಯಿಂದ ತೊಗಲಿನ ಬಕೀಟು ಬರಿದಾಗಿ ಬಂದಿತು. ಗಾಡಿಯವನ ಹೆಂಡತಿ ಹಸಿಂತಾ ತುಟಿಯೊಡೆದು, ಮಾತಿಲ್ಲದೆ ಗಾಡಿಯ ನೆರಳಿನಲ್ಲಿ ಮಲಗಿದ್ದಳು.

ಹೊಸ ಇಗರ್ಜಿಗೆಂದು ಒಯ್ಯುತ್ತಿದ್ದ ಸಂತ ಅಂತೋಣಿಯವರ ಮರದ ಮೂರ್ತಿಯನ್ನು ಗಾಡಿಯವನು ಕೆಳಗಿಳಿಸಿ, ಅದರ ಕಾಲಿಗೆ ಹಗ್ಗ ಬಿಗಿಯತೊಡಗಿದನು.

"ಏನು ಮಾಡ್ತಿದೀಯೋ ಪಾಪಿ?" ಎಂದು ಜೊತೆಗಿದ್ದ ಪಾದ್ರಿ ಓಡಿಬಂದರು.

"ಕೇಳಿದ್ದು ಕೊಡದಿದ್ರೆ ನಮ್ಮೂರಲ್ಲಿ ಇವರಿಗೆ ಹೀಗೇ ಸ್ವಾಮಿ. ಕೊಡೋವರೆಗೂ ತಲೆಕೆಳಗು. ನನ್ನ ತಂಗಿಗೆ ಗಂಡ ಸಿಕ್ಕಿದ್ದೇ ಹೀಗೆ."

"ಆ ಕುಡುಕನಾ?"

"ಅವಸರದಲ್ಲಿ ಕೊಟ್ಟರಲ್ಲ, ಅದಕ್ಕೆ."

"ಸಂತರನ್ನೇ ಹೆದರಿಸ್ತೀಯಾ? ನರಕಕ್ಕೆ ಹೋಗ್ತೀಯ!"

"ಬಂದಾಯ್ತಲ್ಲ ಸ್ವಾಮಿ. ಇನ್ನೆಲ್ಲಿಗೆ ಕಳಿಸ್ತೀರಿ?"

ಗಾಡಿಯವನು ತಲೆಕೆಳಗಾಗಿ ಇಳಿಬಿಟ್ಟ ಮೂರ್ತಿ ಧೊಪ್ಪನೆ ಬಾವಿಯ ತಳಕ್ಕೆ ಬಿತ್ತು. ಪಾದ್ರಿ ಹಗ್ಗ ಕಿತ್ತುಕೊಂಡು, ಸಂತರ ಕ್ಷಮೆ ಬೇಡುತ್ತಾ ತಾವೇ ಮೇಲಕ್ಕೆ ಎಳೆದರು. ಸಂತರ ತಲೆಗೆ ಹಸಿ ಕೆಸರು ಮೆತ್ತಿಕೊಂಡಿತ್ತು. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು.

ಪಾದ್ರಿ ಆ ಹನಿಗಳನ್ನು ಅಂಗೈಯಲ್ಲಿ ಹಿಡಿದು ಹಸಿಂತಾಳ ತುಟಿಗೆ ಸವರಿದರು. ಅವಳು ಇನ್ನಷ್ಟು ಬೇಕೆಂದು ನಾಲಿಗೆ ಚಾಚಿದಳು.

ಅವರು ತಮ್ಮ ನಿಲುವಂಗಿಯ ತೋಳನ್ನು ಹರಿದು ಗಾಡಿಯವನ ಕೈಗಿತ್ತರು.

"ಇದನ್ನ ಸಂತರ ತಲೆಗೆ ಸುತ್ತಿ ಇನ್ನೊಮ್ಮೆ ಇಳಿಸು. ಈ ಸಲ ಜೋರಾಗಿ."