ಉಗುಳಿದ್ದು ಯಾರು?

“ಬಾಯಿ ತೆಗಿ. ನಾಲಿಗೆ ಎತ್ತು.”

ತುಮಕೂರಿನ ನರರೋಗ ತಜ್ಞರ ಕ್ಲಿನಿಕ್ಕು, ಸುತ್ತ ಜನವೋ ಜನ. ರಂಗಲಕ್ಷ್ಮಮ್ಮನಿಗೆ ಅದೆಲ್ಲ ಲೆಕ್ಕಕ್ಕಿಲ್ಲ. ಮಾತ್ರೆ ನುಂಗಿದ ಮೊಮ್ಮಗಳು ಮಂಜುಶ್ರೀಯ ಬಾಯೊಳಗೆ ಇಣುಕಿಯೇ ಇಣುಕಿದರು. ಇಷ್ಟು ಮಾತ್ರೆ ನುಂಗಿಸಿದರೂ ಮೂರ್ಛೆ ನಿಲ್ಲುವುದಿಲ್ಲವೆಂದರೆ ಹುಡುಗಿ ಕದ್ದು ಉಗುಳುತ್ತಾಳೆ, ಅಷ್ಟೇ. ಅಮೃತೂರಿನ ಮನೆಯ ಹಿತ್ತಿಲಲ್ಲಿ ಉಗುಳಿದ ಮಾತ್ರೆ ಹುಡುಕಿ ದಾಸವಾಳದ ಬುಡ ಅಗೆದು ನೋಡಿದ್ದೂ ಆಗಿತ್ತು. ಬೆಳ್ಳಗೆ ಸಿಕ್ಕಿದ್ದು ಓತಿಕ್ಯಾತದ ಮೊಟ್ಟೆ.

“ರಕ್ತದ ರಿಪೋರ್ಟು ಬರ್ಲಿ. ಉಗುಳಿದ್ದು ಗೊತ್ತಾದ್ರೆ ನಾಳೆಯಿಂದ ಕಾಲೇಜು ಬಂದ್. ರೋಡಲ್ಲಿ ಬಿದ್ರೆ ಯಾರು ಎತ್ತಾರೆ?”

“ಉಗುಳಿಲ್ಲ ಕಣಜ್ಜಿ.” ಮಂಜುಶ್ರೀಗೆ ಹೇಳಿ ಹೇಳಿ ಸಾಕಾಗಿತ್ತು.

ಒಳಗೆ ಡಾಕ್ಟರ್ ಅನಂತಕೃಷ್ಣ ರಿಪೋರ್ಟು ನೋಡಿ ಮುಖ ಸಣ್ಣ ಮಾಡಿದರು. “ರಕ್ತದಲ್ಲಿ ಔಷಧಿ ಎಷ್ಟಿರಬೇಕೋ ಅಷ್ಟೂ ಇದೆ. ಆದ್ರೂ ಫಿಟ್ಸ್ ನಿಲ್ತಿಲ್ಲ. ಅದೇ ಬೇಜಾರು.”

“ಅಂದ್ರೆ ಇವಳು ನುಂಗವ್ಳೆ?”

“ಸರಿಯಾಗೇ ನುಂಗಿದಾಳೆ ಅಜ್ಜಿ. ರಕ್ತದಿಂದ ಮೆದುಳಿಗೆ ಹೋಗೋ ಬಾಗಿಲಲ್ಲಿ ಕಾವಲುಗಾರರ ಥರ ಕೆಲವು ಪ್ರೋಟೀನ್ ಇರ್ತವೆ. ವಿಷ ಬಂದ್ರೆ ಆಚೆ ತಳ್ಳೋದು ಅವುಗಳ ಕೆಲಸ. ಕೆಲವರಲ್ಲಿ ಅವು ಜಾಸ್ತಿಯಾಗಿ ಔಷಧೀನೂ ತಳ್ಳಿಬಿಡ್ತವೆ ಅಂತ ಒಂದು ಅನುಮಾನ. ಇನ್ನೂ ಸಂಶೋಧನೆ ನಡೀತಿದೆ.”

“ಹಂಗಾದ್ರೆ ಉಗುಳ್ತಿರೋರು ಇವಳ ತಲೆ ಒಳಗವ್ರೆ.”

“ಹಾಗೇ ಅನ್ಕೊಳ್ಳಿ.”

ಮಂಜುಶ್ರೀಗೆ ಕಿಸಕ್ಕನೆ ನಗು ಬಂತು. ತಡೆದಷ್ಟೂ ಉಕ್ಕಿತು. ದುಪಟ್ಟಾ ಬಾಯಿಗೆ ತುರುಕಿಕೊಂಡರೂ ಕೂತಿದ್ದ ಕುರ್ಚಿಯೇ ಅಲುಗಾಡತೊಡಗಿತು. ಫಿಟ್ಸ್ ಬಂತೇನೋ ಎಂದು ಡಾಕ್ಟರು ಗಾಬರಿಯಿಂದ ಎದ್ದರು. ನಗುವೆಂದು ತಿಳಿದ ಮೇಲೆ ಇನ್ನಷ್ಟು ಗಲಿಬಿಲಿಯಾದರು.

“ಏನಮ್ಮ, ಮಾತ್ರೆ ಕೆಲಸ ಮಾಡ್ತಿಲ್ಲ ಅಂದ್ರೆ ನಗ್ತೀಯಲ್ಲ? ಬೇರೆ ದಾರಿ ಹುಡುಕ್ಬೇಕೀಗ.”

“ಹುಡುಕಿ ಸಾರ್, ಎಲ್ಲದಕ್ಕೂ ರೆಡಿ. ನಾನು ಉಗುಳಿಲ್ಲ ಅನ್ನೋದನ್ನ ಇನ್ನೊಂದ್ಸಲ ಹೇಳಿ ಸಾರ್. ಅಜ್ಜಿಗೆ ಕೇಳೋ ಹಾಗೆ.”

ಬಸ್ಸು ಹತ್ತಿ ಕೂತ ಮೇಲೂ ಅವಳ ಸಂತೋಷಕ್ಕೆ ಲಂಗುಲಗಾಮಿರಲಿಲ್ಲ. ಅಜ್ಜಿ ಮಾತ್ರ ಕಿಟಕಿಯಾಚೆ ನೋಡುತ್ತ ಕೂತಿದ್ದರು. ಕುಣಿಗಲ್ ದಾಟಿದ ಮೇಲೆ ಇತ್ತ ತಿರುಗಿದರು.

“ಬಾಯಿ ತೆಗಿ.”

ಮಂಜುಶ್ರೀಯ ನಗು ಅಲ್ಲೇ ಆರಿತು. ರೂಢಿಯಂತೆ ಬಾಯಿ ತೆರೆದು ನಾಲಿಗೆಯನ್ನೂ ಎತ್ತಿದಳು.

ಅಜ್ಜಿ ಮಡಿಲಲ್ಲಿದ್ದ ಪೊಟ್ಟಣ ಬಿಚ್ಚಿ ಒಂದು ತುಂಡು ಮೈಸೂರುಪಾಕು ಬಾಯಿಗಿಟ್ಟರು. “ತಪ್ಪಾಯ್ತು ಕಣವ್ವ. ನಾಳೆ ಕಾಲೇಜಿಗೆ ಹೋಗು. ಬಸ್ ಸ್ಟಾಂಡ್ ಗಂಟ ನಾನೂ ಬತ್ತೀನಿ.”

ಆಮೇಲೆ ಮೊಮ್ಮಗಳ ಹಣೆಯನ್ನು ಬೆರಳಲ್ಲಿ ಟಕಟಕ ತಟ್ಟಿದರು.

“ಲೋ, ಇದನ್ನಾದ್ರೂ ಒಳಕ್ಕೆ ಬುಡ್ರೋ.”